ಎತ್ತಿ ಕುಡಿದ ಬಿಯರ್

ಅದು 2009ನೇ ಇಸವಿಯ ಜೂನ್ ತಿಂಗಳು. ನನಗೆ ಆಗ ಅರವತ್ತಮೂರು ವರ್ಷ. ಪುಣೆಯ ಕ್ಯಾಂಪ್ ಪ್ರದೇಶದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದೆ. ಬಿಬವೇವಾಡಿಯ ನಮ್ಮ ಫ್ಲ್ಯಾಟಿನಲ್ಲಿ ನಾನೂ ನನ್ನ ಯಜಮಾನರೂ ಬೆಳಗಿನ ಪೇಪರಿನ ಕ್ರಾಸ್‌ವರ್ಡಿಗಾಗಿ ಜಗಳವಾಡುತ್ತ ಸುಖವಾಗಿದ್ದೆವು. ಶಾಲೆಗಳು ಶುರುವಾದ ವಾರ ನನಗೆ ಯಾವಾಗಲೂ ಒಂದು ನಮೂನೆಯ ಖಾಲಿತನ. ಅಂಥ ಒಂದು ಬೆಳಿಗ್ಗೆ ರೋಹಿಣಿಯ ಫೋನ್ ಬಂತು.

ರೋಹಿಣಿ ನನ್ನ ಹಳೆಯ ವಿದ್ಯಾರ್ಥಿನಿ, ಊರಿನ ಹಳೆಯ ಸಂಪ್ರದಾಯಸ್ಥ ಬಡಾವಣೆ ಸದಾಶಿವ ಪೇಠಿನ ಹುಡುಗಿ. ಒಂದು ಇಂಗ್ಲಿಷ್ ಪತ್ರಿಕೆಯ ವಾರದ ಪುರವಣಿಯನ್ನು ನೋಡಿಕೊಳ್ಳುತ್ತಿದ್ದಳು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷ್, ಅರ್ಧ ಮರಾಠಿ.

"ಮಿಸ್, ನೀವು ಬಿಯರ್ ಕುಡೀತೀರಾ?" ಎಂದು ನೇರವಾಗಿ ಕೇಳಿದಳು.

ಪುಣೆಯಲ್ಲಿ ಆಗಷ್ಟೇ ತಾವೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗಗಳು ಶುರುವಾಗಿದ್ದವು. ಅಂಥ ನಾಲ್ಕನ್ನು ಸುತ್ತಿ, ರುಚಿ ನೋಡಿ, ಒಂದರಿಂದ ನಾಲ್ಕರವರೆಗೆ ರ‍್ಯಾಂಕ್ ಕೊಟ್ಟು ಬರೆಯಬೇಕು. ಶ್ರಾವಣ ಬಂದರೆ ಪುಣೆಯ ಅರ್ಧ ಜನ ಬಾಟಲಿ ಮುಟ್ಟುವುದಿಲ್ಲ, ಅದರೊಳಗೆ ಅಚ್ಚಾಗಬೇಕು.

"ನಮ್ಮ ಆಫೀಸಿನ ಹುಡುಗರು ಬರೆದರೆ ಎಲ್ಲವೂ 'ಆಸಮ್'. ನಿಮ್ಮ ಕ್ಲಾಸಿನಲ್ಲಿ 'ನೈಸ್' ಅಂತ ಬರೆದರೆ ಅರ್ಧ ಮಾರ್ಕ್ ಹೋಗುತ್ತಿತ್ತು. ನನಗೆ ಅಂಥವರು ಬೇಕು."

ಸಹೋದ್ಯೋಗಿಗಳ ಮನೆಯ ಕ್ರಿಸ್ಮಸ್‌ನಲ್ಲಿ ವೈನ್ ಕುಡಿದದ್ದುಂಟು. ಬಿಯರ್ ಒಂದು ಸಲ ಹೆದರುತ್ತ ಕುಡಿದಿದ್ದೆ. ಆದರೆ ನನ್ನನ್ನು ಯಾರೋ ಒಂದು ಕೆಲಸಕ್ಕೆ ಕರೆದು ಮೂರು ವರ್ಷವಾಗಿತ್ತು. ಒಪ್ಪಿಕೊಂಡೆ. ಹೆಸರು ಬೇಡ, ಇನಿಶಿಯಲ್ಸ್ ಸಾಕು ಎಂದೆ. ನಮ್ಮ ಬಳಗ ದೊಡ್ಡದು.

ನಮ್ಮ ಯಜಮಾನರಿಗೆ ಶುಗರ್. ಅವರು ಡ್ರೈವರ್ ಆಗಿ ಬರಲು ಒಪ್ಪಿದರು. "ಏ ಸುಧಾ, ಇಷ್ಟ ದಿನ ಹುಡುಗೂರ ಪೇಪರ್ ತಿದ್ದಿದಿ, ಈಗ ಬಿಯರ್ ತಿದ್ದಲಿಕ್ಕೆ ಹೊಂಟಿ ಏನು? ಫೇಲ್ ಆದವರನ್ನ ಬೆಂಚಿನ ಮ್ಯಾಲ ನಿಲ್ಲಸ್ತಿ?" ಎಂದು ಮೂರು ದಿನ ನಕ್ಕರು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳ ಜೊತೆ ಮೇಜಿನ ಮೇಲೆ ಗ್ಲಾಸಿಟ್ಟು, ಅದಕ್ಕೆ ತುಟಿ ಹಚ್ಚಿ ಹಾಲು ಕುಡಿದು ಬೆಳೆದವಳು. ಮದುವೆಯಾದ ಮರುದಿನ ನೀರು ಕುಡಿಯುವಾಗ ಬಾಗಲಕೋಟೆಯ ನಮ್ಮ ಅತ್ತೆ ನನ್ನ ಲೋಟವನ್ನೇ ನೋಡಿದರು. "ನಮ್ಮ ಮನ್ಯಾಗ ಎತ್ತಿ ಕುಡೀತಾರವ್ವಾ, ಎಂಜಲಾ ಮಾಡೂದಿಲ್ಲ" ಎಂದರು. ಬೈಯಲಿಲ್ಲ, ಅಷ್ಟೇ ಅಂದರು. ಒಂದು ವಾರ ಸೀರೆಯ ಸೆರಗೆಲ್ಲ ಒದ್ದೆ ಮಾಡಿಕೊಂಡು ಕಲಿತೆ: ತಲೆ ಹಿಂದಕ್ಕೆ ಹಾಕಿ, ಲೋಟ ತುಟಿಗೆ ತಾಗದಂತೆ ಎತ್ತಿ, ನೇರ ಗಂಟಲಿಗೆ ಸುರಿದುಕೊಳ್ಳುವುದು. ಚಹಾ ಮಾತ್ರ ನನ್ನದೇ ಕಪ್ಪಿನಲ್ಲಿ ಗುಟುಕರಿಸುತ್ತಿದ್ದೆ. ಉಳಿದದ್ದೆಲ್ಲ, ಅದರಲ್ಲೂ ಹೊರಗಿನದು, ನಾಲ್ಕು ದಶಕ ಹೀಗೇ ಕುಡಿದೆ. ಹೀಗೆ ಕುಡಿಯುತ್ತೇನೆ ಎಂಬ ಅರಿವೂ ನನಗೆ ಉಳಿದಿರಲಿಲ್ಲ.

ಮೊದಲನೆಯ ಜಾಗ ಕೋರೆಗಾಂವ್ ಪಾರ್ಕಿನ ಕಡೆ. ರೋಹಿಣಿಯೂ ಬಂದಿದ್ದಳು. ಸಣ್ಣ ಗ್ಲಾಸುಗಳಲ್ಲಿ ನೊರೆ ತುಂಬಿದ ಬಿಯರ್ ತಂದಿಟ್ಟರು. ಎತ್ತಿ ಸುರಿದುಕೊಂಡೆ. ಗ್ಯಾಸ್ ಮೂಗಿಗೆ ಏರಿ ಸಾಲಾಗಿ ಐದಾರು ಸೀನು ಬಂದವು. ಆಮೇಲಿಂದ ಜಾಣಳಾದೆ. ಗ್ಲಾಸನ್ನು ಹಾಗೇ ಬಿಟ್ಟು, ನೊರೆ ಪೂರ್ತಿ ಇಳಿದ ಮೇಲೆ ಎತ್ತುತ್ತಿದ್ದೆ. ರೋಹಿಣಿಗೆ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಅವಳ ಅಜ್ಜಿಯ ಮನೆಯಲ್ಲೂ ಹೀಗೆಯೇ ಕುಡಿಯುತ್ತಿದ್ದರಲ್ಲ.

ನಾನು ಉತ್ತರಪತ್ರಿಕೆಗೆ ಮಾಡುವಂತೆ ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿಕೊಂಡಿದ್ದೆ: ಬಣ್ಣ, ರುಚಿ, ಜಾಗ, ತಿಂಡಿ. ಒಂದು ಕಡೆಯ ಕಪ್ಪು ಬಿಯರ್ ಸುಟ್ಟ ಕಾಫಿಯಂತೆ ಕಹಿ, ಮೆಚ್ಚಿಕೊಂಡೆ. ಇನ್ನೊಂದು ಕಡೆಯದು ಹಾಗಲಕಾಯಿ ಪಲ್ಯದಂತೆ ನಾಲಗೆಗೆ ಅಂಟಿತು. ಅದಕ್ಕೂ ಒಳ್ಳೆಯ ಮಾರ್ಕ್ ಬಿತ್ತು.

ನಾಲ್ಕನೆಯದು ಹಿಂಜವಾಡಿಗೆ ಹೋಗುವ ದಾರಿಯಲ್ಲಿ. ಆ ದಿನ ರೋಹಿಣಿಗೆ ಬೇರೆ ಕೆಲಸವಿತ್ತು, ನಾವಿಬ್ಬರೇ ಹೋದೆವು. ಕೆಳಗೆ ಕುಟುಂಬದ ಹೋಟೆಲು, ಇಡ್ಲಿ ದೋಸೆ ನಡೆಯುತ್ತಿತ್ತು. ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆಯ ಹಿಂದೆ ಥಳಥಳ ಹೊಳೆಯುವ ಎರಡು ಸ್ಟೀಲ್ ಟ್ಯಾಂಕ್.

"ಗಾಳಿ ಭಾಳ ಛಲೋ ಅದ ಇಲ್ಲೆ" ಎಂದರು ನಮ್ಮವರು, ಕಿಟಕಿ ಹತ್ತಿರ ಕೂಡುತ್ತ. ಪಕ್ಕದಲ್ಲಿ ನಿಂತಿದ್ದ ಮಾಲೀಕರು ತಿರುಗಿದರು.

"ಕನ್ನಡದವರಾ? ಅಯ್ಯೋ ಮಾರಾಯ್ರೆ, ಮೊದ್ಲೇ ಹೇಳ್ಬಾರ್ದಾ?"

ಅವರು ಭಾಸ್ಕರ ಶೆಟ್ಟಿ, ಕುಂದಾಪುರದ ಕಡೆಯವರು, ಐವತ್ತರ ಆಸುಪಾಸು. ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯರು. ನಾನು ಬಂದ ಕಾರಣ ತಿಳಿದು ಕುರ್ಚಿ ಎಳೆದುಕೊಂಡು ಕೂತರು. "ಟೀಚರೇ, ನಮ್ಮವರು ಅಂತ ಒಳ್ಳೇದು ಬರೀಬೇಡಿ, ಇದ್ದದ್ದು ಬರೀರಿ. ನಂದು ಗೋಧಿ ಬಿಯರ್. ಟ್ಯಾಂಕ್ ಕೂರಿಸ್ಲಿಕ್ಕೆ ಬಂದ ಜರ್ಮನಿಯವರ ಹತ್ರ ಮೂರು ತಿಂಗಳು ಕಲಿತದ್ದು. ಅಣ್ಣಂದಿರಿಗೆ ಇದು ಬೇಡ. ದೋಸೆ ಕಲ್ಲು ಇರುವಾಗ ಈ ಹುಚ್ಚು ಎಂತಕ್ಕೆ ಅಂತಾರೆ. ಶ್ರಾವಣದಲ್ಲಿ ಹೇಗೂ ಜನ ಬರೂದಿಲ್ಲ, ಬಂದ್ ಮಾಡ್ತೇವೆ. ಆಮೇಲೆ ತೆಗೀಬೇಕಾ ಬೇಡ್ವಾ ಅಂತ ಆಗ ಹೇಳ್ತಾರಂತೆ. ಪೇಪರಲ್ಲಿ ಬಂದದ್ದನ್ನ ಅವರು ನಂಬ್ತಾರೆ."

ಅಷ್ಟರಲ್ಲಿ ಯಾವುದೋ ಕಂಪನಿಯ ಜನ ಎರಡು ಗಾಡಿಗಳಲ್ಲಿ ಬಂದಿಳಿದರು. ಶೆಟ್ಟರು ಕೆಳಗೆ ಓಡಿದರು. ನಾನು ನೊರೆ ಇಳಿಯುವ ತನಕ ಕಾಯ್ದು, ಎತ್ತಿ ಕುಡಿದೆ. ಕಹಿ ಇಲ್ಲ, ಖಾರವಿಲ್ಲ, ನೀರು ಬೆರೆಸಿದಂಥ ತೆಳು ಸಿಹಿ. ನಿಜ ಹೇಳಬೇಕೆಂದರೆ ಮಾರ್ಕ್ ಕಡಿಮೆ ಹಾಕಲು ಇನ್ನೂ ಒಂದು ಕಾರಣವಿತ್ತು. ಕನ್ನಡದವರೆಂದು ನನ್ನ ಕೈ ಸಡಿಲಾಗಬಾರದು ಎಂಬ ಹೆಮ್ಮೆ. ಕ್ಲಾಸಿನಲ್ಲಿ ಪರಿಚಯದವರ ಮಕ್ಕಳಿಗೆ ಎರಡು ಮಾರ್ಕ್ ಕಡಿಮೆಯೇ ಕೊಡುತ್ತಿದ್ದವಳು ನಾನು. ಕೊನೆಯ ಸ್ಥಾನ ಕೊಟ್ಟೆ. "ಬಂದು, ಕೂತು, ಒಂದು ಮಾತೂ ಆಡದೆ ಎದ್ದು ಹೋಗುವ ಅತಿಥಿಯ ಹಾಗಿದೆ ಈ ಬಿಯರ್" ಎಂದು ಬರೆದೆ. ರೋಹಿಣಿ ಆ ವಾಕ್ಯವನ್ನೇ ದೊಡ್ಡ ಅಕ್ಷರದಲ್ಲಿ ಹಾಕಿದಳು. ನನಗೂ ಖುಷಿಯಾಯಿತು.

ಪುರವಣಿ ಬಂದ ಮೂರನೆಯ ದಿನ ಶೆಟ್ಟರು ಪತ್ರಿಕೆಯಿಂದ ನನ್ನ ನಂಬರ್ ಪಡೆದು ಫೋನ್ ಮಾಡಿದರು. ಜಗಳಕ್ಕೆ ಎಂದುಕೊಂಡೆ.

"ಟೀಚರೇ, ಬೇಜಾರು ಎಂತದೂ ಇಲ್ಲ. ಕಲೀಲಿಕ್ಕೆ ಕೇಳೂದು. ಲವಂಗದ ವಾಸನೆ ಬರ್ಲಿಲ್ವಾ ನಿಮ್ಗೆ?"

"ಲವಂಗ ಹಾಕ್ತೀರೇನ್ರಿ ಅದಕ್ಕ?"

"ಹಾಕೂದಿಲ್ಲ. ಹುದುಗು ಬರಿಸುವ ಈಸ್ಟೇ ಕೊಡುವ ವಾಸನೆ ಅದು. ಲವಂಗ, ಹಣ್ಣಾದ ಬಾಳೆಹಣ್ಣು. ಗೋಧಿ ಬಿಯರಲ್ಲಿ ಇರೂದೇ ಅದು. ನನ್ನ ಮೂಗಿಗೆ ಬರ್ತದೆ. ಆದ್ರೆ ದಿನಾ ಅಲ್ಲೇ ಇರುವವನ ಮೂಗನ್ನ ನಂಬ್ಲಿಕ್ಕೆ ಆಗೂದಿಲ್ಲ. ನಿಮಗೆ ಬರ್ಲಿಲ್ಲ ಅಂದ್ರೆ ಈಸ್ಟ್ ಕೆಟ್ಟಿರ್ಬೇಕು. ನಾಳೆ ಎರಡೂ ಟ್ಯಾಂಕ್ ಖಾಲಿ ಮಾಡ್ತೇನೆ."

"ಮತ್ತ ಹೊಸಾದು ಆಗಲಿಕ್ಕೆ?"

"ಮೂರು ವಾರ. ಅಷ್ಟ್ರಲ್ಲಿ ಶ್ರಾವಣ."

ಅಂದರೆ ಅಣ್ಣಂದಿರು ತೀರ್ಮಾನಿಸುವ ಹೊತ್ತಿಗೆ ತೋರಿಸಲು ಅವರ ಬಳಿ ಒಂದು ಗ್ಲಾಸ್ ಬಿಯರ್ ಸಹ ಇರುವುದಿಲ್ಲ. ನಾನು ಆ ಬಿಯರಿನಲ್ಲಿ ಏನು ವಾಸನೆ ಕಂಡೆನೆಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ನಾಲ್ಕರಲ್ಲಿ ಒಂದರ ವಾಸನೆಯೂ ನೆನಪಿಲ್ಲ! ನನಗೆ ಹೆದರಿಕೆಯಾಯಿತು. "ನಾಳೆ ನಾವು ಬರೂ ತನಕ ಟ್ಯಾಂಕ್ ಮುಟ್ಟಬ್ಯಾಡ್ರಿ" ಎಂದೆ.

ಮರುದಿನ ಆ ಟ್ರಾಫಿಕ್ಕಿನಲ್ಲಿ ಮುಟ್ಟುವಾಗ ಹನ್ನೊಂದು ಗಂಟೆ. ಮೇಲೆ ಬೇರೆ ಯಾರೂ ಇರಲಿಲ್ಲ. ಶೆಟ್ಟರು ಎತ್ತರದ ಗ್ಲಾಸಿಗೆ ತುಂಬಿ ಮುಂದಿಟ್ಟರು. ನಾನು ಕೈಕಟ್ಟಿ ಕೂತೆ.

"ಎಂತಕ್ಕೆ ಕಾಯೂದು?"

"ನೊರಿ ಇಳೀಲಿ ಅಂತ."

"ಸೋಡಾನೂ ಹಿಂಗಽ ಕುಡೀತಾಳ್ರಿ ಆಕಿ, ಅದರ ಜೀವ ಹೋದ ಮ್ಯಾಲ" ಎಂದರು ನಮ್ಮವರು.

ಶೆಟ್ಟರು ನಗಲಿಲ್ಲ. ನಾನು ತಲೆ ಹಿಂದಕ್ಕೆ ಹಾಕಿ ಎತ್ತಿ ಕುಡಿದು, ಗ್ಲಾಸ್ ಕೆಳಗಿಟ್ಟಾಗ ಅವರು ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು.

"ಟೀಚರೇ, ನಾಲ್ಕೂ ಕಡೆ ಹೀಗೇ ಕುಡಿದದ್ದಾ?"

"ಹೌದು..." ಎನ್ನುವಾಗಲೇ ನನಗೆ ಹೊಳೆಯಿತು. ಮೂಗು ಎಲ್ಲೋ, ಗ್ಲಾಸ್ ಎಲ್ಲೋ. ನೊರೆಯೂ ಇಲ್ಲ, ವಾಸನೆಯೂ ಇಲ್ಲ. ಕಹಿ ಇದ್ದವು ಗಂಟಲಿಗಾದರೂ ತಾಗಿ ಪಾಸಾದವು. ವಾಸನೆಯನ್ನೇ ನಂಬಿದ್ದದ್ದು ಫೇಲಾಯಿತು. ನಾಚಿಕೆಯಿಂದ ನೋಟ್‌ಬುಕ್ ತೆಗೆದು ತೋರಿಸಿದೆ. ಅವರು ನನ್ನ ಕಾಲಂಗಳ ಮೇಲೆ ಬೆರಳಾಡಿಸಿ, "ವಾಸನೆಗೆ ಒಂದು ಮನೆ ಹಾಕ್ಲಿಲ್ವಲ್ಲ ನೀವು" ಎಂದರು. ಕೋಪವಿರಲಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು.

ಎದ್ದು ಹೋಗಿ ಇನ್ನೊಂದು ಗ್ಲಾಸ್ ತಂದರು. "ಇದು ಹೊಸತು. ನಾನೇ ತೊಳೆದದ್ದು. ಯಾರ ಬಾಯಿಯೂ ತಾಗ್ಲಿಲ್ಲ. ಮೊದ್ಲು ಮೂಗು ಹತ್ರ ತನ್ನಿ. ಆಮೇಲೆ ತುಟಿ ಹಚ್ಚಿ. ಆಗೂದಿಲ್ಲ ಅಂದ್ರೆ ಒತ್ತಾಯ ಇಲ್ಲ."

ನನಗೇ ಆಶ್ಚರ್ಯವಾಗುವಂತೆ ಗ್ಲಾಸ್ ಎತ್ತಲು ಹಿಂಜರಿದೆ. ಮಡಿಯನ್ನೆಲ್ಲ ನಂಬುವವಳಲ್ಲ ನಾನು. ಆದರೂ ಯಜಮಾನರ ಮುಖ ನೋಡಿದೆ.

"ನನ್ನ ಮಾರಿ ಏನ್ ನೋಡ್ತಿ? ಅವ್ವ ಹೋಗಿ ಹದಿನಾಲ್ಕು ವರ್ಷ ಆತು" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಗ್ಲಾಸ್ ಹತ್ತಿರ ತಂದೆ. ಮಾಗಿದ ಬಾಳೆಹಣ್ಣಿನ ಗೊನೆ ತೂಗುಹಾಕಿದ ಕೋಣೆಗೆ ಕಾಲಿಟ್ಟ ಹಾಗಾಯಿತು. ಅದರ ಬೆನ್ನಿಗೇ ಲವಂಗ, ಯಾರೋ ಆಗತಾನೇ ಮಸಾಲೆ ಡಬ್ಬಿ ತೆರೆದಂತೆ. ತುಟಿ ಹಚ್ಚಿದೆ. ತಣ್ಣನೆಯ ನೊರೆ ಮೇಲ್ತುಟಿಗೆ ಮೀಸೆಯಂತೆ ಅಂಟಿತು. ಬಿಯರ್ ತೆಳುವೇ, ಆದರೆ ಈಗ ಅದು ಮಾತಾಡುತ್ತಿತ್ತು. ನನ್ನ ಕಣ್ಣು ತುಂಬಿದವು. ಶೆಟ್ಟರು ಗಾಬರಿಯಾಗಿ, "ಗ್ಯಾಸ್ ಏರಿತಾ?" ಎಂದರು.

ಅಲ್ಲಿಂದಲೇ ರೋಹಿಣಿಗೆ ಫೋನ್ ಮಾಡಿದೆ. ಅವಳು ಬಹಳ ಹೊತ್ತು ನಕ್ಕಳು, ಆಮೇಲೆ ಗಂಭೀರವಾದಳು. "ಮಿಸ್, ಅಚ್ಚಾದ ರ‍್ಯಾಂಕ್ ನಾನು ಬದಲಾಯಿಸೋಕಾಗಲ್ಲ. ನೀವು ಪತ್ರ ಬರೆಯಿರಿ, ಹಾಕ್ತೇನೆ. ಆದರೆ ಪೂರ್ತಿ ಹೆಸರಿರಬೇಕು. ಕಾರಣವೂ ಇರಬೇಕು."

ಆ ಸಂಜೆಯೇ ಬರೆದೆ. ನಾಲ್ಕು ದಶಕಗಳಿಂದ ಲೋಟಕ್ಕೆ ತುಟಿ ಹಚ್ಚದೆ ಕುಡಿಯುವವಳು ನಾನು, ನಾಲ್ಕೂ ಬಿಯರ್‌ಗಳನ್ನು ಹಾಗೆಯೇ, ನೊರೆ ಸತ್ತ ಮೇಲೆ, ಕುಡಿದು ತೀರ್ಪು ಕೊಟ್ಟಿದ್ದೇನೆ, ನಾಲ್ಕೂ ಸ್ಥಾನಗಳನ್ನು ಹಿಂದಕ್ಕೆ ಪಡೆಯುತ್ತೇನೆ, ಶೆಟ್ಟರ ಗೋಧಿ ಬಿಯರನ್ನು ತುಟಿ ಹಚ್ಚಿ ಕುಡಿದಾಗ ಗೊತ್ತಾಯಿತು, ತಪ್ಪು ಬಿಯರಿನದಲ್ಲ. ಅದರ ಕೆಳಗೆ ನನ್ನ ಹೆಸರು, ಗಂಡನ ಮನೆತನದ ಹೆಸರು.

ಪತ್ರ ಬಂದ ದಿನ ಮೊದಲ ಫೋನ್ ಸೊಲ್ಲಾಪುರದ ನಾದಿನಿಯದು. "ವೈನಿ, ಬಿಯರ್ ಕುಡದದ್ದು ಇರವಲ್ದ್ಯಾಕ. ಬಾಯಿ ಹಚ್ಚಿ ಕುಡದ್ರ್ಯಾ?" ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ದೊಡ್ಡದಲ್ಲ. ಪತ್ರ ಓದಿ ಕೆಲವರು ಕುತೂಹಲದಿಂದ ಶೆಟ್ಟರ ಮಹಡಿ ಹತ್ತಿದರಂತೆ. ಎರಡು ಶನಿವಾರ ಕುರ್ಚಿ ಸಾಲಲಿಲ್ಲವಂತೆ. ಆಮೇಲೆ ಶ್ರಾವಣ ಬಂತು.

ಗಣಪತಿ ಹಬ್ಬ ಮುಗಿದ ಮೇಲೆ ನಾವು ಹೋದೆವು. ಮೇಲಿನ ಮಹಡಿಯ ಮೆಟ್ಟಿಲಿಗೆ ಹಗ್ಗ ಕಟ್ಟಿತ್ತು. ಟ್ಯಾಂಕ್‌ಗಳನ್ನು ಗೋವಾದ ಯಾರೋ ಒಯ್ದಿದ್ದರು. ಅಲ್ಲಿ ಎಸಿ ಫ್ಯಾಮಿಲಿ ಹಾಲ್ ಆಗುತ್ತಿತ್ತು. ಬಡಗಿಗಳ ಸದ್ದು ಕೇಳುತ್ತಿತ್ತು. ಶೆಟ್ಟರು ಕೆಳಗೆ ಕೌಂಟರಿನಲ್ಲಿದ್ದರು. ನಮ್ಮನ್ನು ಕಂಡು ಎದ್ದು ಬಂದರು.

"ಅಣ್ಣಂದಿರು ನನ್ನ ಪತ್ರ ಓದಲಿಲ್ಲೇನ್ರಿ?" ಎಂದು ಕೇಳಿದೆ.

"ಓದಿದ್ರು. ದೊಡ್ಡಣ್ಣ ನಕ್ಕದ್ದೇ ನಕ್ಕದ್ದು."

"ಮತ್ತ?"

"ನಿಮ್ಮಿಂದ ಅಲ್ಲ ಟೀಚರೇ. ಅವರಿಗೆ ಮೊದ್ಲಿಂದ್ಲೇ ಮನಸ್ಸಿರ್ಲಿಲ್ಲ."

"ಖರೇ ಹೇಳ್ರಿ."

"ಖರೇನೇ" ಎಂದು ನಮ್ಮ ಮಾತಿನಲ್ಲೇ ಹೇಳಿ ನಕ್ಕರು. ಎರಡು ಚಹಾಕ್ಕೆ ಹೇಳಿ, ತಾವೇ ಮೇಜು ಒರೆಸಿದರು. ಆ ಹೊತ್ತು ನನ್ನ ಮುಖ ನೋಡಲಿಲ್ಲ.

ಈಗ ಪುಣೆಯಲ್ಲಿ ಅಂಥ ಜಾಗಗಳು ಬೇಕಾದಷ್ಟಿವೆ. ಹುಡುಗರು ಮೊಬೈಲಿನಲ್ಲೇ ಸ್ಟಾರ್ ಕೊಡುತ್ತಾರೆ. ಯಾರಿಗಾದರೂ ಒಂದೇ ಸ್ಟಾರ್ ಬಿದ್ದದ್ದು ಕಂಡರೆ, ಕೊಟ್ಟವರು ಹೇಗೆ ಕುಡಿದರೋ ಎಂದು ಯೋಚಿಸುತ್ತೇನೆ. ಆ ಒಂದು ಚಂದದ ವಾಕ್ಯ ಬರೆದ ಕೈ ಇದೇ. 'ನಿಮ್ಮಿಂದ ಅಲ್ಲ' ಎಂದು ಶೆಟ್ಟರು ಅಂದು ಹೇಳಿದ್ದನ್ನು ನಂಬಲು ಪ್ರಯತ್ನಿಸುತ್ತೇನೆ. ಕೆಲವು ದಿನ ಸಾಧ್ಯವಾಗುತ್ತದೆ.