ಆರನೆಯ ಸದ್ದಿಗೆ ಕಾಯುವ ದೇವಪುತ್ರಪ್ಪ

ಇನ್ನೂ ಮಬ್ಬುಬೆಳಕು. ಇಂಡಿ ಊರಿನಿಂದ ಎರಡು ಹರದಾರಿ ದೂರದ ಲಿಂಬೆ ತೋಟ. ಬಾವಿಯ ತಳದಲ್ಲಿ ಬಂಡೆಗೆ ಕೊರೆದ ಆರು ತೂತುಗಳಲ್ಲಿ ಮದ್ದು ತುಂಬಿದೆ. ದೇವಪುತ್ರಪ್ಪ ಬೀಡಿಯ ಕೆಂಡವನ್ನು ಆರೂ ಬತ್ತಿಗಳಿಗೆ ಮುಟ್ಟಿಸಿ, ಐವತ್ತೆರಡು ಮೆಟ್ಟಿಲು ಹತ್ತಿ ಓಡಿ ಬಂದು ಹುಣಸೆ ಮರದ ಹಿಂದೆ ಕೂರುತ್ತಾರೆ. ಢಂ! ನೆಲ ನಡುಗುತ್ತದೆ. ಢಂ, ಢಂ. ಸ್ವಲ್ಪ ತಡೆದು ಇನ್ನೆರಡು. ಆಮೇಲೆ ಕಾಗೆಗಳ ಗದ್ದಲವಷ್ಟೇ.

ಕಲ್ಲು ಹೊರುವ ತಿಪ್ಪವ್ವನವರ ಕಡೆ ನೋಡುತ್ತಾರೆ. ಅವರೂ ಐದೇ ಬೆರಳು ತೋರಿಸುತ್ತಾರೆ.

ಅಷ್ಟರಲ್ಲಿ ಬಾವಿಯೊಳಗಿಂದ ಜುಳುಜುಳು ಸದ್ದು. ನೀರು! ತೋಟದ ಯಜಮಾನ ಸಮುವೇಲಪ್ಪ ಎದ್ದು ನಿಂತು ಆಕಾಶಕ್ಕೆ ಕೈಯೆತ್ತುತ್ತಾರೆ. ಇವರು ಚರ್ಚಿನ ಹಿರಿಯರು. "ಪರಲೋಕದ ತಂದೆಯೇ" ಎನ್ನುವಾಗ ಬೆಲ್ಲದ ಪಾಕದಂತೆ ಎಳೆ ಬರುವ ದನಿ, ಆಳುಗಳತ್ತ ತಿರುಗಿದೊಡನೆ ಗಟ್ಟಿಯಾಗುತ್ತದೆ. "ಏ ಮಡಿವಾಳಪ್ಪ, ಏನ್ ನೋಡ್ತಿ? ಇಳಿ! ಕಲ್ಲ ತಗೀರಿ. ಗಿಡ ಒಣಗಾಕತ್ತಾವ!"

ಮಡಿವಾಳಪ್ಪ ಬುಟ್ಟಿ ಎತ್ತುತ್ತಾನೆ. ದೇವಪುತ್ರಪ್ಪ ತಲೆಯ ರುಮಾಲು ಬಿಚ್ಚಿ ಮೊದಲ ಮೆಟ್ಟಿಲಿಗೆ ಅಡ್ಡ ಹಾಸಿ, ಅದರ ಮೇಲೆ ತಾವೇ ಕೂರುತ್ತಾರೆ.

"ಒಂದು ಹಾರಿಲ್ರಿ."

"ಎರಡು ಕೂಡೇ ಹಾರ್ಯಾವೋ! ದೇವರು ಆಶೀರ್ವಾದ ಕೊಡಾಕತ್ತಾನ, ನೀ ಬಾಗಲದಾಗ ಕುಂತೀಯಲ್ಲ?"

"ಆಶೀರ್ವಾದ ನಿಮ್ದರಿ. ಕೈಕಾಲು ಮಂದೀದು."

ಐವತ್ತಾರರ ದೇವಪುತ್ರಪ್ಪ ಮಿಶನ್ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವರು. ಸಾವಿರದ ಒಂಬೈನೂರ ಎಪ್ಪತ್ತಮೂರರ ಈ ಬರಗಾಲದ ಬೇಸಿಗೆಯಲ್ಲೇ ಸಿಂದಗಿ, ಬಾಗೇವಾಡಿ ಸೀಮೆಯ ಹತ್ತೊಂಬತ್ತು ಬಾವಿಗಳ ಬಂಡೆ ಒಡೆದಿದ್ದಾರೆ. ಎಡಗೈಯಲ್ಲಿ ಉಳಿದಿರುವುದು ಮೂರೇ ಬೆರಳು. "ಐದರ ತನಕಾ ಬಲಗೈ ಸಾಕ್ರಿ. ಆರನೇದಕ್ಕ ಈ ಮೋಟಗೈ ಬೇಕು" ಎಂದು ನಗುತ್ತಾರೆ.

ನಗು ಬಾರದ ಬಾವಿಯೊಂದಿದೆ, ಮುದ್ದೇಬಿಹಾಳದ ಕಡೆ. ಹನ್ನೊಂದು ವರ್ಷದ ಹಿಂದೆ ಅಲ್ಲಿಯ ಯಜಮಾನರೂ "ಎರಡು ಕೂಡೇ ಹಾರ್ಯಾವ" ಎಂದಿದ್ದರು. ದೊಡ್ಡವರ ಮಾತೆಂದು ಇವರು ಹೂಂ ಅಂದರು. ಹಾರದೆ ಉಳಿದಿದ್ದ ಮದ್ದು ಸಿಡಿದು, ಮೊದಲು ಇಳಿದ ಅಮಸಿದ್ದ ಮತ್ತೆ ಮೇಲೆ ಬರಲಿಲ್ಲ. ಅಮಸಿದ್ದನ ಹೆಂಡತಿಯೇ ಈ ತಿಪ್ಪವ್ವ. ಅಂದಿನಿಂದ ಪ್ರತಿ ಸದ್ದನ್ನೂ ಇಬ್ಬರೂ ಎಣಿಸುತ್ತಾರೆ. "ನಾ ಒಪ್ಪದ ಯಾರೂ ಇಳಿಯಂಗಿಲ್ರಿ. ಯಜಮಾನ್ರು ಒಪ್ಪಿದ್ರೂ ಅಷ್ಟ, ಬಿಟ್ರೂ ಅಷ್ಟ" ಎನ್ನುತ್ತಾರೆ ತಿಪ್ಪವ್ವ.

ಬಿಸಿಲು ಏರುತ್ತದೆ. ನೀರಿನ ಸದ್ದು ಕೇಳುತ್ತಲೇ ಇದೆ. "ಬ್ಯಾರೇ ಮಂದಿ ತರಸ್ತೇನಿ, ನೋಡ್ತಿರು!" ಎಂದು ಸಮುವೇಲಪ್ಪ ಗುಡುಗುತ್ತಾರೆ.

"ತರಸ್ರಿ. ಅಣ್ಣಾರ, ಖರೇನ ಎರಡು ಕೂಡೇ ಹಾರಿದ್ರ ನೀವ ಮೊದಲ ಇಳೀರಿ. ನಿಮ್ಮ ಬೆನ್ನ ಹಿಂದ ನಾ ಬರ್ತೇನಿ."

ಸಮುವೇಲಪ್ಪ ರುಮಾಲಿನ ತನಕ ಬರುತ್ತಾರೆ. ಕೆಳಗಿನ ಕತ್ತಲೆ ನೋಡುತ್ತಾರೆ. ಚಪ್ಪಲಿ ಹಿಂದೆ ಸರಿಯುತ್ತದೆ.

ನೆರಳು ಏಳನೆಯ ಮೆಟ್ಟಿಲಿಗೆ ಇಳಿದು, ಬತ್ತಿ ಪೂರಾ ಆರಿರಬೇಕು ಎನಿಸಿದ ಮೇಲೆ ದೇವಪುತ್ರಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ತಂಬಿಗೆ ಹಿಡಿದು ಒಬ್ಬರೇ ಇಳಿಯುತ್ತಾರೆ. ಹಗ್ಗದ ಇನ್ನೊಂದು ತುದಿಯನ್ನು ತಿಪ್ಪವ್ವ ಯಜಮಾನರ ಕೈಗೆ ಕೊಡುತ್ತಾರೆ. ಮೇಲಿನವರಿಗೆ ಹಾರದ ಮದ್ದು ತೋಯಲೆಂದು ತೂತಿಗೆ ತಂಬಿಗೆಯಿಂದ ನೀರು ಸುರಿಯುವ ಸದ್ದಷ್ಟೇ ಕೇಳುತ್ತದೆ. ಬಹಳ ಹೊತ್ತಿನ ಮೇಲೆ ಹಗ್ಗ ಮೂರು ಸಲ ಜಗ್ಗುತ್ತದೆ. ಮೇಲೆ ಬಂದವರ ಅಂಗೈಯಲ್ಲಿ ಅರ್ಧ ಸುಟ್ಟ ಬತ್ತಿ. ಅದರ ಬುಡದ ಮದ್ದು ತೊಯ್ದು ಕೆಸರಾಗಿದೆ.

ಸಮುವೇಲಪ್ಪ ಹಗ್ಗವನ್ನಿನ್ನೂ ಬಿಟ್ಟಿಲ್ಲ. ಮಡಿವಾಳಪ್ಪ ಸೇದಿದ ಮೊದಲ ಕೊಡವನ್ನು ಯಜಮಾನರು ತಿಪ್ಪವ್ವನವರ ಮುಂದೆ ತಾವೇ ಇಡುತ್ತಾರೆ. "ಕುಡೀವ್ವಾ" ಎಂದು ಮೆಲ್ಲಗೆ ಅನ್ನುತ್ತಾರೆ. "ನಿಮ್ಮ ಓಣಿಯವರೂ ಬಂದು ತುಂಬ್ಕೊಳ್ಳಲಿ."

ನಿಮಗೇನು ಬೇಕು ಎಂದು ನಾವು ಕೇಳಿದರೆ ದೇವಪುತ್ರಪ್ಪ ರುಮಾಲು ಕೊಡವಿ ತಲೆಗೆ ಸುತ್ತಿಕೊಳ್ಳುತ್ತಾರೆ.

"ಆಯ್ತವಾರ ಚರ್ಚಿನ್ಯಾಗ ಅಣ್ಣಾರು ದೇವರು ನೀರು ಕೊಟ್ಟಾನಂತ ಸಾಕ್ಷಿ ಹೇಳ್ತಾರ. ಹೇಳ್ಲಿ. ಎಷ್ಟು ಮಂದಿ ಇಳದ್ರು, ಎಷ್ಟು ಮಂದಿ ಏರಿ ಬಂದ್ರು, ಅದನ್ನೂ ಹೇಳ್ಲಿ. ಹನ್ನೊಂದು ವರ್ಷಾತ್ರಿ, ಎರಡೂ ಒಂದ ಲೆಕ್ಕ ಐತಿ."