ಕಾಳಣ್ಣನ ಮಗಳ ರಕ್ತ, ನಮ್ಮ ಹೊಸ ಮೆಷಿನ್ನು

2004ನೇ ಇಸವಿ. ಹುಣಸೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಅಟೆಂಡರ್. ಎಸ್ಸೆಸ್ಸೆಲ್ಸಿ ಫೇಲು. ಟ್ಯೂಬು ತೊಳೆಯುವುದಕ್ಕೆ, ನೆಲ ಒರೆಸುವುದಕ್ಕೆ ಅಂತ ಸೇರಿಸಿಕೊಂಡಿದ್ದರು.

ರಕ್ತ, ಕಫ, ಗಡ್ಡೆಯ ಚೂರು ನೋಡಿ ರೋಗ ಯಾವುದು ಅಂತ ಹೇಳುವುದು ಪೆಥಾಲಜಿ. ನಮ್ಮಲ್ಲಿ ಅದನ್ನು ಹೇಳುವವರು ವಸುಧಾ ಮೇಡಂ. ಅವರು ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಶನಿವಾರ ಮಾತ್ರ ನಮ್ಮಲ್ಲಿಗೆ ಬರುತ್ತಿದ್ದರು. ಸ್ಲೈಡ್ ಎಳೆಯುವುದನ್ನು ಕಲಿಸಿದ್ದೂ ಅವರೇ. ಗಾಜಿನ ಪಟ್ಟಿಯ ತುದಿಗೆ ಒಂದು ತೊಟ್ಟು ರಕ್ತ ಇಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ ತಳ್ಳಬೇಕು. ರಕ್ತ ನಾಲಿಗೆಯ ಆಕಾರಕ್ಕೆ ತೆಳ್ಳಗೆ ಹರಡಬೇಕು. ನಾನು ಮೊದಮೊದಲು ಉಜ್ಜಿಬಿಡುತ್ತಿದ್ದೆ.

"ದೋಸೆ ಹುಯ್ತಿದ್ದೀಯೇನೋ ಮಾದೇಶ?" ಅನ್ನುತ್ತಿದ್ದರು. ಆಮೇಲೆ ಕೈಗೆ ಹತ್ತಿತು.

ಆ ವರ್ಷವೇ ಲ್ಯಾಬಿಗೆ ಸೆಲ್ ಕೌಂಟರ್ ಬಂತು. ರಕ್ತ ಇಟ್ಟರೆ ಒಂದು ನಿಮಿಷದಲ್ಲಿ ಹಿಮೋಗ್ಲೋಬಿನ್, ಬಿಳಿ ಕಣ, ಕೆಂಪು ಕಣ ಎಲ್ಲ ಎಣಿಸಿ ಚೀಟಿ ಉಗಿಯುತ್ತದೆ. ಲ್ಯಾಬಿನಲ್ಲಿದ್ದ ಓದಿದ ಟೆಕ್ನಿಷಿಯನ್ ಮೈಸೂರಿಗೆ ಕೆಲಸ ಬದಲಿಸಿ ಹೋದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಬಟನ್ ಒತ್ತಲು ಮಾದೇಶ ಸಾಕು ಅಂದರು ಆಸ್ಪತ್ರೆಯವರು. ಡಾಕ್ಟರು ಕೇಳಿದರೆ ಮಾತ್ರ ಸ್ಲೈಡ್ ಮಾಡಬೇಕು ಅಂತ ಹೇಳಿದರು. ಯಾರೂ ಕೇಳುತ್ತಿರಲಿಲ್ಲ. ಮೇಡಂ ಬರುವ ಶನಿವಾರ ಬಿಟ್ಟರೆ ಮೈಕ್ರೋಸ್ಕೋಪಿಗೆ ಕವರ್ ಹಾಕಿಟ್ಟೆವು.

ಮೆಷಿನ್ ಬರುವ ಮೊದಲಿನ ಒಂದು ಪದ್ಧತಿ ಹೇಳಬೇಕು. ಕಾಕನಕೋಟೆ ಕಡೆ ಕಾಡಂಚಿನ ಬುಡಕಟ್ಟು ಜನರ ಹಾಡಿಗಳಿಗೆ ಕ್ಯಾಂಪ್ ಹೋದಾಗ ಜನ ಕೈ ಚಾಚುತ್ತಿರಲಿಲ್ಲ. ಹಿಂದೆ ಯಾರ್ಯಾರೋ ಬಂದು ಟ್ಯೂಬುಗಟ್ಟಲೆ ರಕ್ತ ತೆಗೆದುಕೊಂಡು ಹೋಗಿದ್ದರು. ಅದರಲ್ಲಿ ಏನಿತ್ತು ಅಂತ ಹೇಳಲು ಒಬ್ಬರೂ ವಾಪಸ್ ಬಂದಿರಲಿಲ್ಲ. ಅದಕ್ಕೆ ಮೇಡಂ ಒಂದು ಉಪಾಯ ಮಾಡಿದರು. ಮೈಕ್ರೋಸ್ಕೋಪನ್ನೇ ಹಾಡಿಗೆ ಒಯ್ದು, ಕೊಟ್ಟವರ ರಕ್ತವನ್ನು ಅವರಿಗೇ ತೋರಿಸುವುದು. ಜನ ಸಾಲು ನಿಂತರು. ಕಣ್ಣಿಟ್ಟು ನೋಡಿ ನಗುತ್ತಿದ್ದರು. ಆಮೇಲೆ ಅದೇ ರೂಢಿಯಾಯಿತು. ಹಾಡಿಯವರು ಆಸ್ಪತ್ರೆಗೆ ಬಂದರೂ ನೋಡದೆ ಹೋಗುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಕಾಳಣ್ಣ ಮಗಳನ್ನು ಜೀಪಿನಲ್ಲಿ ಕರೆತಂದ. ಆತ ಜೇನುಕುರುಬರವನು. ಜೇನಿನ ಕಾಲದಲ್ಲಿ ಕಾಡಿಗೆ, ಉಳಿದಂತೆ ಕೂಲಿಗೆ ಹೋಗುತ್ತಿದ್ದ. ಕ್ಯಾಂಪಿನಿಂದ ಪರಿಚಯ. ಮಗಳು ಗೌರಿಗೆ ಹದಿಮೂರು ವರ್ಷ. ಹೊಟ್ಟೆ ಹಿಡಿದುಕೊಂಡು ಮಡಚಿಕೊಂಡಿದ್ದಳು. ಮುಟ್ಟಿದರೆ ಕಿರುಚುತ್ತಿದ್ದಳು.

ಸರ್ಜನ್ ಸರ್ ಹೊಟ್ಟೆ ಒತ್ತಿ ನೋಡಿದರು. ಜ್ವರ ಇತ್ತು. ನಾನು ರಕ್ತ ತೆಗೆದು ಮೆಷಿನ್ನಿಗೆ ಇಟ್ಟೆ. ಹಿಮೋಗ್ಲೋಬಿನ್ ಆರೂ ಚಿಲ್ಲರೆ. ಬಿಳಿ ಕಣ ಮೂವತ್ತೊಂದು ಸಾವಿರ. ಹನ್ನೊಂದು ಸಾವಿರ ದಾಟಿದರೇ ಒಳಗೆಲ್ಲೋ ಸೋಂಕು ಇರಬಹುದು ಅಂತ ಲೆಕ್ಕ. ಅಪೆಂಡಿಕ್ಸ್ ಕೀವಾಗಿರಬೇಕು, ತಡ ಮಾಡಿದರೆ ಒಡೆಯುತ್ತದೆ ಅಂದರು ಸರ್. ಥಿಯೇಟರ್ ಸಿದ್ಧ ಮಾಡಲು ಹೇಳಿದರು. ಹಿಮೋಗ್ಲೋಬಿನ್ ಕಮ್ಮಿ ಇದ್ದದ್ದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಹಾಡಿಯವರಿಗೆ ಊಟ ಸಾಲದು, ರಕ್ತ ಕಮ್ಮಿ, ಐರನ್ ಮಾತ್ರೆ ಕೊಡು. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತು ಅಂದಾಗ ಕಾಳಣ್ಣ ಕೈ ಹಿಂದೆ ಕಟ್ಟಿದ. ಸೀದಾ ಲ್ಯಾಬಿಗೆ ಬಂದ.

"ಮಗೀನ ರಕ್ತ ತೋರುಸು."

"ಮೆಷಿನ್ ನೋಡ್ಯದೆ ಕಣಣ್ಣ. ಚೀಟಿ ಬಂದದೆ, ತಕೋ."

"ಚೀಟಿ ನಂಗ್ಯಾಕೆ? ಮಿಸನ್ನಿಗೆ ಕಣ್ಣದಾ?"

"ಈಗ ಟೈಮಿಲ್ಲ ಕಣಣ್ಣ. ಆಪರೇಷನ್ ಆಗ್ಲಿ, ಆಮೇಕೆ ತೋರುಸ್ತೀನಿ."

"ಕುಯ್ದ್ ಮ್ಯಾಕೆ ನೋಡಿ ಏನ್ಲಾ ಮಾಡ್ಲಿ? ಇವಳ ಅಕ್ಕನೂ ಇಂಗೇ ಹೊಟ್ಟೆ ಇಡ್ಕಂಡೇ ಸತ್ತೋದ್ಲು. ಏನಾಗಿತ್ತು ಅಂತ ಒಬ್ರೂ ಯೋಳ್ನಿಲ್ಲ. ಅವತ್ತು ಹಾಡೀಲಿ ಏನಂದೆ ನೀನು? ನಿಮ್ ರಕ್ತ ನೀವೇ ನೋಡಿ ಅಂದ್ಯೋ ಇಲ್ವೋ?"

ಅಂದಿದ್ದೆ. ಜಗಳ ಆಡುವುದಕ್ಕಿಂತ ತೋರಿಸಿ ಕಳಿಸುವುದು ಬೇಗ ಅನಿಸಿತು. ಕವರ್ ತೆಗೆದೆ. ಸ್ಲೈಡ್ ಎಳೆದು, ಬಣ್ಣ ಹಾಕಿ, ತೊಳೆದು, ಆರಿಸಿ ಇಟ್ಟೆ. ಫೋಕಸ್ ಮಾಡಲು ನಾನು ಮೊದಲು ಕಣ್ಣಿಟ್ಟೆ.

ಕೆಂಪು ಕಣ ಅಂದರೆ ದುಂಡಗೆ ಕಾಸಿನ ಹಾಗೆ ಇರಬೇಕು. ಇಲ್ಲಿ ಅಲ್ಲಲ್ಲಿ ಉದ್ದಕ್ಕೆ, ಬಾಗಿ, ಎರಡೂ ತುದಿ ಚೂಪಾಗಿದ್ದವು. ಸ್ಲೈಡ್ ಕೆಡಿಸಿದೆ ಅಂದುಕೊಂಡು ಇನ್ನೊಂದು ಎಳೆದೆ. ಅದೂ ಹಾಗೇ. ಬಣ್ಣವೇ ಹಳೆಯದಾಗಿರಬೇಕು ಅಂತ ನನ್ನ ಬೆರಳಿಗೇ ಚುಚ್ಚಿ ಮೂರನೆಯದು ಮಾಡಿದೆ. ಅದೇ ಬಣ್ಣ, ಅದೇ ನೀರು. ನನ್ನವು ದುಂಡಗೇ ಇದ್ದವು.

ಕಾಳಣ್ಣ ಎರಡನ್ನೂ ನೋಡಿದ.

"ನಿಂದು ದುಂಡಗವೆ. ನಮ್ ಮಗೀದು ಕುಡ್ಲು ಕುಡ್ಲಂಗವೆ. ಯಾಕ್ಲಾ?"

ಸರ್ಜನ್ ಸರ್ ಹತ್ತಿರ ಓಡಿದೆ. ಅವರು ಬಂದು ನೋಡಿದರು. ಕಣ್ಣು ತೆಗೆಯಲೇ ಇಲ್ಲ.

"ಇದು ನನ್ನ ಫೀಲ್ಡ್ ಅಲ್ಲ ಮಾದೇಶ. ಮೇಡಂಗೆ ಫೋನ್ ಮಾಡು. ಅವರು ಏನು ಹೇಳ್ತಾರೋ ಕೇಳಿಕೊಂಡೇ ಚಾಕು ಮುಟ್ತೀನಿ. ಆದ್ರೆ ಬೇಗ ಆಗ್ಬೇಕು."

ಮೇಡಂ ಫೋನಿನಲ್ಲಿ ಕೇಳಿದ್ದು ಒಂದೇ. "ನಾನು ನೋಡೋದು ಹೇಗೆ?"

ಸ್ಲೈಡ್ ಹಿಡಿದು ಮೈಸೂರು ಬಸ್ ಹತ್ತಿದರೆ ಮಧ್ಯಾಹ್ನ ಕಳೆಯುತ್ತದೆ. ಆಸ್ಪತ್ರೆಯ ಎದುರಿಗೇ ಸಲೀಮನ ಫೋಟೋ ಸ್ಟುಡಿಯೋ. ಅದರ ಪಕ್ಕದ ಮಳಿಗೆಯಲ್ಲಿ ಅವನದೇ ಇಂಟರ್‌ನೆಟ್ ಅಂಗಡಿ. ಹೊಸದಾಗಿ ಡಿಜಿಟಲ್ ಕ್ಯಾಮೆರಾ ತಂದಿದ್ದ. ಅವನನ್ನು ಎಳೆದುಕೊಂಡು ಬಂದೆ.

"ಮದ್ವೆ ಫೋಟೋ ತಗ್ಯೋನು ಕಣ್ಲಾ ನಾನು. ಇದುಕ್ಕೆ ಸ್ಮೈಲ್ ಪ್ಲೀಸ್ ಅನ್ಲಾ?"

"ಬಾಯಿ ಮುಚ್ಕಂಡು ತಗಿ."

ಕ್ಯಾಮೆರಾ ಮೈಕ್ರೋಸ್ಕೋಪಿನ ಮೇಲೆ ಕೂರಲಿಲ್ಲ. ಅಲುಗಾಡಿ ಬರೀ ಕಪ್ಪು ಉಂಗುರ ಬಂತು. ಸಲೀಂ ಜೇಬಿನಿಂದ ಫಿಲಂ ರೋಲಿನ ಪ್ಲಾಸ್ಟಿಕ್ ಡಬ್ಬಿ ತೆಗೆದು ತಳ ಕತ್ತರಿಸಿದ. ಒಂದು ಕಡೆ ಮೈಕ್ರೋಸ್ಕೋಪು, ಇನ್ನೊಂದು ಕಡೆ ಕ್ಯಾಮೆರಾ. ನಡುವೆ ಡಬ್ಬಿ ಗಟ್ಟಿಯಾಗಿ ನಿಂತಿತು. ಫೋಟೋ ತೆಗೆದು ಮೇಡಂಗೆ ಇಮೇಲ್ ಕಳಿಸಿದ. ಒಂದೊಂದು ಫೋಟೋ ಹೋಗುವಾಗಲೂ ಕಂಪ್ಯೂಟರಿನ ನೀಲಿ ಗೆರೆ ಆಮೆಯ ಹಾಗೆ ನಡೆಯಿತು. ರಸ್ತೆಯಾಚೆ ಗೌರಿ ಕೂಗುವುದು ಕೇಳುತ್ತಿತ್ತು.

ಮೇಡಂ ಫೋನ್ ಬಂತು. "ಇದ್ರಲ್ಲಿ ಹೇಳೋಕಾಗಲ್ಲ. ದಪ್ಪ ಇರೋ ಕಡೆ ತೆಗೆದಿದ್ದೀಯ. ಸ್ಲೈಡಿನ ನಾಲಿಗೆ ತುದಿಗೆ ಹೋಗು, ಕಣ ಒಂದೊಂದೇ ಬಿಡಿಬಿಡಿಯಾಗಿ ಬಿದ್ದಿರ್ತಾವಲ್ಲ, ಅಲ್ಲಿಗೆ. ಕಲಿಸಿದ್ದೆನಲ್ಲೋ!"

ಮತ್ತೆ ಓಡಿದೆವು. ತುದಿಯ ಕಡೆ ಸರಿಸಿ ತೆಗೆದೆವು. ಮತ್ತೆ ನೀಲಿ ಗೆರೆ. ಅಷ್ಟರಲ್ಲಿ ಥಿಯೇಟರ್ ಸಿದ್ಧ ಅಂತ ನರ್ಸ್ ಬಂದು ಹೇಳಿದರು. ಸರ್ಜನ್ ಸರ್ ಗೌರಿಯ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು, ಏಳಲಿಲ್ಲ.

ಮುಂದಿನ ಫೋನು ನೇರ ಸರ್ಜನ್ ಸರ್‌ಗೇ. "ಸಿಕಲ್ ಸೆಲ್" ಅಂದರು ಮೇಡಂ. ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಆ ನೋವು ಅಪೆಂಡಿಕ್ಸ್ ನೋವಿನ ಹಾಗೇ ಇರುತ್ತದೆ. ಬಿಳಿ ಕಣದ ಲೆಕ್ಕವೂ ಪೂರ್ತಿ ನಿಜವಲ್ಲ. ಈ ಕಾಯಿಲೆಯಲ್ಲಿ ಬಿಳಿ ಕಣದ ಹಾಗೆ ನಡುವೆ ಬೀಜ, ಅಂದರೆ ನ್ಯೂಕ್ಲಿಯಸ್, ಇರುವ ಎಳೆ ಕೆಂಪು ಕಣಗಳು ರಕ್ತಕ್ಕೆ ಬರುತ್ತವೆ, ಮೆಷಿನ್ ಅವನ್ನೂ ಬಿಳಿ ಕಣ ಅಂತ ಎಣಿಸಿದೆ. ಈ ಸ್ಥಿತಿಯಲ್ಲಿ ಹಾಗೇ ಅರಿವಳಿಕೆ ಕೊಟ್ಟು ಕುಯ್ದಿದ್ದರೆ ಹುಡುಗಿ ಉಳಿಯುವುದು ಕಷ್ಟವಿತ್ತು.

ಗ್ಲೂಕೋಸ್, ಆಕ್ಸಿಜನ್, ನೋವಿನ ಮದ್ದು ಶುರುವಾಯಿತು. ಸರ್ ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಸಂಜೆಗೆ ಕಿರುಚುವುದು ನಿಂತಿತು. ಮಾರನೇ ದಿನ ಗೌರಿ ಇಡ್ಲಿ ಕೇಳಿದಳು. ಹೊಟ್ಟೆ ಕುಯ್ಯಲಿಲ್ಲ.

ಆ ದಿನ ಮೈಸೂರಿನಲ್ಲಿ ನಡೆದದ್ದನ್ನು ಮೇಡಂ ಶನಿವಾರ ಹೇಳಿದರು. ಫೋಟೋ ಬಂದಾಗ ಅವರ ಸುತ್ತ ಪಿ.ಜಿ. ವಿದ್ಯಾರ್ಥಿಗಳಿದ್ದರಂತೆ. ಮೊದಲು ಮೆಷಿನ್ ಲೆಕ್ಕ ಹೇಳಿದರೆ ಎಲ್ಲರೂ ಸೋಂಕು ಅಂದರು. ಫೋಟೋ ನೋಡಿದ ಮೇಲೆ ಮಾತು ಬದಲಿಸಿದರು.

ನಾನು ಕೇಳಿದೆ. "ಅಂಗಾರೆ ಮೆಷಿನ್ ಸುಳ್ಳಾ ಮೇಡಂ?"

"ಸುಳ್ಳಲ್ಲ ಕಣೋ. ಅದಕ್ಕೆ ಎಣಿಸೋಕೆ ಬರುತ್ತೆ. ಇನ್ನು ಮೇಲೆ ಇಂಥ ಮೆಷಿನ್ನು ಜಾಸ್ತಿಯೇ ಬರ್ತವೆ, ಬರಲಿ. ಲೆಕ್ಕ ಹೊಂದದಾಗ ಸ್ಲೈಡ್ ನೋಡಬೇಕು ಅಂತ ಅನ್ನಿಸೋದನ್ನ ಹುಡುಗರಿಗೆ ಕಲಿಸಬೇಕು. ಕ್ಯಾಮೆರಾ ಇದ್ರೆ ನಾನು ಎಲ್ಲಿಂದ ಬೇಕಾದ್ರೂ ನೋಡ್ತೀನಿ. ನೀನು ಸ್ಲೈಡ್ ಕೆಡಿಸಿದ್ರೆ ಯಾವ ಕ್ಯಾಮೆರಾ ಏನು ಮಾಡುತ್ತೆ?"

ಆಮೇಲೆ ಅವರ ವಿದ್ಯಾರ್ಥಿಗಳು ಸರದಿಯ ಮೇಲೆ ಹುಣಸೂರಿಗೆ ಬಂದರು. ಸ್ಲೈಡ್ ಎಳೆಯುವುದು, ಫೋಟೋ ಕಳಿಸುವುದು ಎರಡೂ ಅವರ ಪಾಠವಾಯಿತು. ಅವರೂ ಮೊದಲು ದೋಸೆ ಹುಯ್ದರು.

ಕೆಲವು ತಿಂಗಳಾದ ಮೇಲೆ ಒಂದು ಶನಿವಾರ ಕಾಳಣ್ಣ ಹೆಂಡತಿಯನ್ನೂ ಕರೆದುಕೊಂಡು ಬಂದ. ತನ್ನ ರಕ್ತ ನೋಡಿದ, ಹೆಂಡತಿಯದು ನೋಡಿದ. ಖುಷಿಯಾದ.

"ನಮ್ದೂ ದುಂಡಗೇ ಅವೆ ಕಣವ್ವೋ. ಮತ್ತೆ ಮಗೀಗೆ ಎಲ್ಲಿಂದ ಬಂತು?"

ಮೇಡಂ ಇಬ್ಬರ ರಕ್ತವನ್ನೂ ಮೈಸೂರಿಗೆ ಕಳಿಸಿದರು. ಅಲ್ಲಿ ಎಲೆಕ್ಟ್ರೋಫೋರೆಸಿಸ್ ಅಂತ ಒಂದು ಪರೀಕ್ಷೆ, ಕರೆಂಟ್ ಹರಿಸಿ ಹಿಮೋಗ್ಲೋಬಿನ್ ಯಾವ ಜಾತಿಯದು ಅಂತ ಬೇರ್ಪಡಿಸುತ್ತಾರೆ. ಇಬ್ಬರಲ್ಲೂ ಸರಿಯಾದದ್ದು, ಕಾಯಿಲೆಯದ್ದು ಹೆಚ್ಚುಕಮ್ಮಿ ಅರ್ಧರ್ಧ ಇತ್ತು. ಅಂಥವರಿಗೆ ಸಾಮಾನ್ಯವಾಗಿ ನೋವಿಲ್ಲ, ಸ್ಲೈಡಿನಲ್ಲೂ ಕಾಣುವುದಿಲ್ಲ. ಅಪ್ಪನ ಕಾಯಿಲೆಯ ಅರ್ಧ, ಅಮ್ಮನ ಕಾಯಿಲೆಯ ಅರ್ಧ ಎರಡೂ ಒಂದೇ ಮಗುವಿಗೆ ಹೋದರೆ ಕಾಯಿಲೆ.

ಮೇಡಂ ಮುಚ್ಚಿಡಲಿಲ್ಲ. ವರದಿ ಬಂದ ಮೇಲೆ ಇಬ್ಬರನ್ನೂ ಕರೆಸಿ ಎದುರಿಗೆ ಕೂರಿಸಿ ಹೇಳಿದರು. ಕಾಳಣ್ಣ ಎದ್ದು ಹೋಗಿ ಮೈಕ್ರೋಸ್ಕೋಪಿನ ಮೇಲೆ ಕೈ ಇಟ್ಟ.

"ಅಂಗಾರೆ ನಮ್ ಕಣ್ಣಿಗೂ ಕಾಣದ್ದು ಅದೆ ಅನ್ನಿ."

"ಇದೆ ಕಾಳಣ್ಣ. ಅದನ್ನ ಮೈಸೂರಿನ ಆ ಮೆಷಿನ್ ಕಂಡುಹಿಡೀತು."

"ದೊಡ್ಡೋಳೂ ಇದುಕ್ಕೇ ಸತ್ತೋದ್ಲಾ?"

"ಇರಬಹುದು. ಅವಳ ರಕ್ತ ಯಾರೂ ನೋಡಲಿಲ್ಲವಲ್ಲ."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಳಣ್ಣ ಅವಳ ಬೆನ್ನ ಮೇಲೆ ಕೈ ಇಟ್ಟ. "ನಿಂದೂ ತಪ್ಪಲ್ಲ, ನಂದೂ ಅಲ್ಲ ಬುಡು" ಅಂದ. ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ. "ಮುಂದೆ ಗೌರಿ ಬೆಳ್ದ ಮ್ಯಾಕೆ ಗಂಡು ಬತ್ತಾನಲ್ಲ, ಅವುನ್ನ ರಕ್ತ ನೋಡ್ಸಕ್ಕೆ ಮೊದ್ಲು ನಿನ್ತಾವ್ಕೇ ಕರ್ಕಬತ್ತೀನಿ."

ಈಗ ನಮ್ಮಲ್ಲಿ ಇನ್ನೂ ದೊಡ್ಡ ಮೆಷಿನ್ ಇದೆ. ಅದು ಬಂದದ್ದಕ್ಕೆ ನನಗೆ ಬೇಜಾರಿಲ್ಲ. ಅದು ಎಣಿಸಲಿ. ಲೆಕ್ಕದ ಮೇಲೆ ಅನುಮಾನ ಬಂದರೆ ನಾನು ಸ್ಲೈಡ್ ಎಳೆಯುತ್ತೇನೆ, ಮೇಡಂ ದೂರದಿಂದ ನೋಡುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ. ರಕ್ತ ತೆಗೆದುಕೊಂಡ ಮೇಲೆ ಅದರಲ್ಲಿ ಏನಿತ್ತು ಅಂತ ಕೊಟ್ಟವರಿಗೆ ವಾಪಸ್ ಹೋಗಿ ಹೇಳಬೇಕು.