ಕನ್ನಡದಲ್ಲಿ ಫೇಸ್‌ಆಫ್

ಐಸ್ ಹಾಕಿಯಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದುದು ಒಂದೇ, ಫೇಸ್‌ಆಫ್. ಎರಡೂ ತಂಡದ ಒಬ್ಬೊಬ್ಬರು ಎದುರುಬದುರು ನಿಂತರೆ, ರೆಫರಿ ಇಬ್ಬರ ನಡುವೆ ಪಕ್ ಎಂಬ ರಬ್ಬರ್ ಬಿಲ್ಲೆ ಬೀಳಿಸುತ್ತಾನೆ. ಯಾರ ಸ್ಟಿಕ್ ಚುರುಕೋ ಪಕ್ ಅವರ ಪಾಲು. ನನ್ನ ಸ್ಕೇಟಿಂಗ್ ಅಷ್ಟಕ್ಕಷ್ಟೇ, ಕೈ ಮಾತ್ರ ಬಲು ಜೋರು. ನಮ್ಮ ಸ್ಯಾನ್ ಡಿಯಾಗೊ ಹೆಂಗಸರ ತಂಡ ಆ ಸೀಸನ್ನಿನಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. ಕೊನೆಯದನ್ನಾದರೂ ಗೆಲ್ಲಲೇಬೇಕೆಂಬ ಹಟ ಹಿಡಿದು, ಪ್ರಿಂಟ್ ತೆಗೆದ ಮ್ಯಾಪ್ ನೋಡಿಕೊಂಡು ನಾರ್ತ್‌ರಿಜ್‌ವರೆಗೆ ನಾನೇ ಡ್ರೈವ್ ಮಾಡಿದೆ.

ಪಕ್ಕದ ಸೀಟಿನಲ್ಲಿ ಮೈಸೂರಿನ ಗೆಳತಿ. ರಾಂಚೊ ಬರ್ನಾರ್ಡೊದ ನನ್ನ ಆಫೀಸಿನಲ್ಲೇ ಅವಳಿಗೂ ಕೆಲಸ, ತಂಡದಲ್ಲಿ ನನ್ನ ಬಲಗಡೆಯ ವಿಂಗರ್. ಬೇರೆ ಯಾವ ತಂಡಕ್ಕೂ ಇಲ್ಲದ ಅಸ್ತ್ರ ನಮ್ಮಿಬ್ಬರ ಬಳಿ ಇತ್ತು: ಕನ್ನಡ. ಪಕ್ಕನ್ನು ಎತ್ತ ಕಳಿಸುತ್ತೇನೆಂದು ಎಲ್ಲರೆದುರೇ ಕೂಗಿ ಹೇಳುತ್ತಿದ್ದೆ. ಹುಬ್ಬಳ್ಳಿಯವಳು, ಮೆಲ್ಲಗೆ ಮಾತಾಡಲು ನನಗೆ ಬರುವುದೂ ಇಲ್ಲ.

ಅವತ್ತು ಮಾತ್ರ ಆ ಅಸ್ತ್ರ ನಾಟಲಿಲ್ಲ. ಎದುರಿನ ಸೆಂಟರ್, ಅಂದರೆ ಫೇಸ್‌ಆಫ್‌ಗೆ ನನ್ನೆದುರು ನಿಲ್ಲುವವಳು, ಒಬ್ಬ ಕಾಲೇಜು ಹುಡುಗಿ. ಹೆಲ್ಮೆಟ್ಟಿನ ಜಾಲರಿಯೊಳಗೆ ಮುಖ ಸರಿಯಾಗಿ ಕಾಣದು. ನಾನು ಎಡಕ್ಕೆಂದರೆ ಅವಳು ಇಂಗ್ಲಿಷಿನಲ್ಲಿ ಏನೋ ಗೊಣಗುತ್ತಾಳೆ, ಅವಳ ಕಡೆಯವರು ಅತ್ತಲೇ ಸರಿದು ನಿಲ್ಲುತ್ತಾರೆ. ಹಿಂದಕ್ಕೆಂದರೆ ನನ್ನ ಹಿಂದಿರುವ ಡಿಫೆಂಡರ್ ಕಡೆ ನುಗ್ಗಲು ಒಬ್ಬಳು ಆಗಲೇ ಸಿದ್ಧ. ಎಂಥ ಕೋಚಿಂಗಪ್ಪಾ ಎಂದು ಹೊಟ್ಟೆ ಉರಿದುಕೊಂಡೆ.

ಎರಡು ಗೋಲಿಗೆ ಎರಡು ಗೋಲು, ಸಮಸಮ. ಕೊನೆಯ ನಿಮಿಷದಲ್ಲಿ ಅವರ ಗೋಲಿನ ಪಕ್ಕದಲ್ಲೇ ಫೇಸ್‌ಆಫ್ ಸಿಕ್ಕಿತು. ನಾನು ಬಗ್ಗಿ ನಿಂತಾಗ ಗೆಳತಿ ಹೇಳಿದಳು, "ನಿನ್ನ ಎಡಗಾಲಿನ ಲೇಸ್ ಬಿಚ್ಚೋಗಿದೆ ಕಣೇ."

ನಾನು ನೋಡುವ ಮೊದಲೇ ಎದುರಿನ ಹುಡುಗಿ ನನ್ನ ಎಡಗಾಲು ನೋಡಿದಳು.

ಗೋಡೆಗೂ ಕಿವಿ ಇರುತ್ತದಂತೆ, ಹೆಲ್ಮೆಟ್ಟಿಗೆ ಇರದೇ? ಸಿಟ್ಟು, ನಗು, ಹುರುಪು ಎಲ್ಲ ಒಟ್ಟಿಗೇ ಉಕ್ಕಿ ಬಂದವು. ಲೇಸನ್ನು ಹಾಗೇ ಬಿಟ್ಟು, ಇಡೀ ರಿಂಕಿಗೆ ಕೇಳುವಂತೆ ಕೂಗಿದೆ, "ಹಿಂದಕ್ಕ ಎಳೀತೀನಿ, ನೀ ಹಿಂದಕ್ಕ ಹೋಗು."

ಪಾಪ, ಗೆಳತಿಗೂ ಚಳ್ಳೆಹಣ್ಣು ತಿನ್ನಿಸಿದ್ದೆ. ಪಕ್ ಬಿದ್ದದ್ದೇ ಅವಳು ನಂಬಿ ಹಿಂದಕ್ಕೆ ಹೋದಳು, ಎದುರಿನ ಹುಡುಗಿಯ ಗೊಣಗು ಕೇಳಿದ್ದ ಅವಳ ಕಡೆಯವರೂ ಗೋಲು ಬಿಟ್ಟು ಅತ್ತಲೇ ಓಡಿದರು. ನಾನು ಪಕ್ಕನ್ನು ಆ ಹುಡುಗಿಯ ಕಾಲುಗಳ ನಡುವಿನಿಂದ ಮುಂದಕ್ಕೆ ತಳ್ಳಿ, ಅವಳನ್ನು ಸುತ್ತಿ ಹೋಗಿ, ಬೀಳುತ್ತಾ ಬೀಳುತ್ತಾ ಹೊಡೆದೆ. ಬಲೆ ಅಲುಗಿತು. ಗೋಲ್! ಐಸ್ ಮೇಲೆ ಅಂಗಾತ ಬಿದ್ದುಕೊಂಡೇ ಕಿರುಚಿದೆ. ಮದುವೆಯ ದಿನವೂ ಅಷ್ಟು ಖುಷಿಪಟ್ಟಿರಲಿಲ್ಲ; ಗಂಡನಿಗೂ ಇದು ಗೊತ್ತು.

ಗೆದ್ದು ಹೊರಗೆ ಬಂದರೆ ಬಾಗಿಲಲ್ಲೇ ಒಬ್ಬರು ಹೆಂಗಸು ಕಾದಿದ್ದರು, ಆ ಹುಡುಗಿಯ ತಾಯಿ. ವಾಲ್‌ನಟ್ ಎಂಬ ಊರಿನಲ್ಲಿರುವ ಕನ್ನಡದವರು. ರಿಂಕಿನಲ್ಲಿ ಕನ್ನಡ ಕೇಳಿ ಮೈ ಜುಮ್ಮೆಂದಿತು ಎಂದರು. ಮಗಳಿಗೆ ಎಲ್ಲ ಅರ್ಥವಾಗುತ್ತದೆ, ಆದರೆ ಶಾಲೆಗೆ ಸೇರಿದ ಮೇಲೆ ಒಂದು ದಿನವೂ ಕನ್ನಡದಲ್ಲಿ ಉತ್ತರ ಕೊಟ್ಟಿಲ್ಲ ಎಂದು ಬೇಸರಪಟ್ಟುಕೊಂಡರು.

ಅಷ್ಟರಲ್ಲಿ ಮಗಳೇ ಹೆಲ್ಮೆಟ್ ಕಳಚಿಕೊಂಡು ಬಂದಳು, ಮುಖ ಕೆಂಪಗೆ. ನೇರ ನನ್ನ ಮುಂದೆ ನಿಂತು ಹೇಳಿದಳು, "ಹಿಂದಕ್ಕೆ ಅಂದ್ರಿ. ಮುಂದಕ್ಕೆ ಹೋದ್ರಿ. ಇದು ಮೋಸ, ಆಂಟಿ."

ತಾಯಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ಇನ್ನೂ ಸ್ವಲ್ಪ ಬೈಯಮ್ಮ," ಎಂದರು ಮಗಳಿಗೆ.